ಗುಜರಿ ಬಂದೂಕಿನ ಜಮಾ-ಖರ್ಚು

ಬ್ಯಾಂಕಿನವರಿಗೆ ಡಿಪ್ರಿಸಿಯೇಷನ್ ಅಂದರೆ ದಿನನಿತ್ಯದ ಮಾತು. ಹೊಸ ಕಂಪ್ಯೂಟರು ನೋಡನೋಡುತ್ತಲೇ ಪುಸ್ತಕದಲ್ಲಿ ಒಂದು ರೂಪಾಯಿಗೆ ಇಳಿಯುತ್ತದೆ. ಕುರ್ಚಿ, ಕಪಾಟು, ಫ್ಯಾನು ಎಲ್ಲಕ್ಕೂ ಇದೇ ಗತಿ. ಕೊನೆಗೆ ಗುಜರಿಯವನು ಬಂದು ತೂಕ ಹಾಕಿ ಒಯ್ಯುತ್ತಾನೆ. ಆದರೆ ಒಂದು ವಸ್ತು ಈ ಲೆಕ್ಕಕ್ಕೆ ಸಿಗುವುದಿಲ್ಲ ನೋಡಿ. ಅದು ಬಂದೂಕು. 1943ರಲ್ಲಿ ತಯಾರಾದ ರೈಫಲ್ಲಿಗೆ ಎಣ್ಣೆ ಹಚ್ಚಿ ಜೋಪಾನವಾಗಿ ಇಟ್ಟಿದ್ದರೆ ಇವತ್ತೂ ಅದು ಅಷ್ಟೇ ದೂರಕ್ಕೆ ಗುಂಡು ಹಾರಿಸುತ್ತದೆ. ಸರಕಾರದ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆ, ಕೆಲಸದಲ್ಲಿ ಮಾತ್ರ ನೂರಕ್ಕೆ ನೂರು! ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಕಳೆದ ಶತಮಾನದಲ್ಲಿ ಒಂದು ದೊಡ್ಡ ವ್ಯಾಪಾರ ಹುಟ್ಟಿಕೊಂಡಿತು. ಅದರ ಕಥೆಯೇ ಇಂದಿನ ವಿಷಯ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಹತ್ತಿರ ಬಂದೂಕೂ ಇಲ್ಲ, ಲೈಸೆನ್ಸೂ ಇಲ್ಲ. ಇತಿಹಾಸ ಓದುವ ಚಟ ಇದೆ, ಬೆಲೆಪಟ್ಟಿ ಕಂಡರೆ ಅದರ ಹಿಂದೆ ಯಾರ ಲಾಭ, ಯಾರ ನಷ್ಟ ಎಂದು ಹುಡುಕುವ ಕಸುಬಿನ ಅಭ್ಯಾಸವಿದೆ. ಅಷ್ಟೇ.

ಎರಡನೇ ಮಹಾಯುದ್ಧ 1945ರಲ್ಲಿ ಮುಗಿಯಿತು. ಆ ಹೊತ್ತಿಗೆ ಪ್ರಪಂಚದ ಉಗ್ರಾಣಗಳಲ್ಲಿ ಬಂದೂಕು ಲೆಕ್ಕ ತಪ್ಪುವಷ್ಟಿತ್ತು. ರಷ್ಯಾದ ಮೊಸಿನ್-ನಾಗಾಂತ್ ರೈಫಲ್ 1891ರ ಮಾದರಿ, ಒಟ್ಟು ಮೂರು ಕೋಟಿಗೂ ಹೆಚ್ಚು ತಯಾರಾಗಿತ್ತು. ಬ್ರಿಟಿಷರ ಲೀ-ಎನ್‌ಫೀಲ್ಡ್, ನಮ್ಮ ಪೋಲೀಸರ ಕೈಯಲ್ಲಿ ‘ತ್ರೀ ನಾಟ್ ತ್ರೀ’ ಎಂದೇ ಹೆಸರಾದದ್ದು, ಅದೂ ಒಂದು ಕೋಟಿಯನ್ನು ಎಂದೋ ದಾಟಿತ್ತು. ಇವೆಲ್ಲ ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ದೂಡಬೇಕಾದ ರೈಫಲ್‌ಗಳು. ಯುದ್ಧದ ನಂತರ ಸೈನ್ಯಗಳೆಲ್ಲ ತಾನೇ ಲೋಡ್ ಆಗುವ ರೈಫಲ್‌ಗೆ ಹೊರಳಿದವು. ಹಳೆಯದನ್ನು ಏನು ಮಾಡುವುದು? ಸಮುದ್ರಕ್ಕೆ ಎಸೆಯಬಹುದು, ಕುಲುಮೆಗೆ ಹಾಕಬಹುದು, ಬಡ ದೇಶಗಳಿಗೆ ಕೊಡಬಹುದು. ಇಲ್ಲವೇ ಮಾರಬಹುದು.

ಕೊಳ್ಳಲು ಒಬ್ಬ ಸಿದ್ಧನಿದ್ದ. ಸ್ಯಾಮ್ಯುಯೆಲ್ ಕಮಿಂಗ್ಸ್ ಎಂಬ ಅಮೆರಿಕನ್. ಸ್ವಲ್ಪ ಕಾಲ ಸಿಐಎಯಲ್ಲಿ ಕೆಲಸ ಮಾಡಿ, 1953ರಲ್ಲಿ ಸ್ವಂತ ಕಂಪನಿ ತೆರೆದ. ದೇಶ ದೇಶ ಸುತ್ತಿ ಸೈನ್ಯಗಳ ಹಳೆ ಸರಕನ್ನು ಸಗಟಿನಲ್ಲಿ ಕೊಂಡು, ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಪೊಟೊಮ್ಯಾಕ್ ನದಿಯ ದಡದ ಗೋದಾಮುಗಳಲ್ಲಿ ತುಂಬಿಟ್ಟ. ಹೀಗೆ ಸರ್ಪ್ಲಸ್ ಬಂದೂಕು ಅಮೆರಿಕದ ಮಧ್ಯಮ ವರ್ಗದವನ ಹವ್ಯಾಸವಾಯಿತು. ಹೊಸ ಬೇಟೆ ರೈಫಲ್ಲಿಗಿಂತ ಎಷ್ಟೋ ಅಗ್ಗ, ಮೇಲಾಗಿ ಪ್ರತಿ ಮರದ ಹಿಡಿಯ ಮೇಲೂ ಯಾವುದೋ ಯುದ್ಧದ ಗೀರು!

ಆ ಹವ್ಯಾಸಿಗಳ ಆಯ್ಕೆಯ ಕ್ರಮ ನಿಜಕ್ಕೂ ಶ್ರದ್ಧೆಯದು, ಹಳೆ ಮನೆ ಮೇಲೆ ಸಾಲ ಕೊಡುವ ಮುಂಚೆ ನಾವು ಮಾಡುವ ತಪಾಸಣೆಯ ಹಾಗೆ. ಮೊದಲು ನಳಿಗೆ. ಬೆಳಕಿಗೆ ಹಿಡಿದು ಒಳಗಿನ ಸುರುಳಿ ಗೆರೆಗಳು ಚೂಪಾಗಿವೆಯೋ, ಸವೆದಿವೆಯೋ ನೋಡುವುದು. ಆಮೇಲೆ ನಂಬರು. ನಳಿಗೆ, ಬೋಲ್ಟ್ ಮೇಲಿನ ನಂಬರುಗಳು ಒಂದೇ ಆಗಿದ್ದರೆ ಕಾರ್ಖಾನೆಯಿಂದ ಬಂದ ಜೋಡಿ. ಬೇರೆಯಾಗಿದ್ದರೆ ಎಲ್ಲೋ ರಿಪೇರಿಯಲ್ಲಿ ಸೇರಿಸಿದ್ದು, ಅಳತೆ ಪರೀಕ್ಷಿಸದೆ ಗುಂಡು ಹಾಕುವಂತಿಲ್ಲ. ಮೂರನೆಯದು ತೋಟಾ. ಬಂದೂಕು ಒಮ್ಮೆ ಕೊಂಡರೆ ಮುಗಿಯಿತು, ತೋಟಾ ಪ್ರತಿ ಭಾನುವಾರ ಕೊಳ್ಳಬೇಕು. ಹಾಗಾಗಿ ಯಾವ ಸೈನ್ಯದ ಹಳೆ ತೋಟಾ ಪೆಟ್ಟಿಗೆಗಟ್ಟಲೆ ಸಿಗುತ್ತದೋ ಆ ಬಂದೂಕನ್ನೇ ಆರಿಸಿಕೊಳ್ಳುವುದು ಜಾಣತನ. ಆದರೆ ಹಳೆ ತೋಟಾದ ಕಿಡಿಮದ್ದು ನಳಿಗೆಯಲ್ಲಿ ಉಪ್ಪು ಬಿಡುತ್ತದೆ. ಉಪ್ಪು ತೇವ ಎಳೆಯುತ್ತದೆ, ತೇವ ತುಕ್ಕು ತರುತ್ತದೆ. ಹೊಡೆದ ದಿನವೇ ಬಿಸಿನೀರು ಹಾಕಿ ತೊಳೆದು, ಒರೆಸಿ, ಎಣ್ಣೆ ಹಚ್ಚದಿದ್ದರೆ ಅಗ್ಗದ ಬಂದೂಕು ಬೇಗನೆ ಬರೀ ಗುಜರಿ.

ಇದು ಓದುವಾಗ ನಮ್ಮ ಹಿಂದಿನ ಬ್ರಾಂಚಿನ ಗಾರ್ಡು ನೆನಪಾಗುತ್ತಾರೆ. ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ರಿಟೈರ್ ಆಗಿ ಬಂದವರು. ರೆಜಿಮೆಂಟಿನ ಕೇಂದ್ರ ಬೆಳಗಾವಿಯಲ್ಲಿರುವುದರಿಂದ ಅವರಿಗೆ ಕನ್ನಡ ಬರುತ್ತಿತ್ತು. ದಿನಾ ಸಂಜೆ ಕೌಂಟರ್ ಮುಚ್ಚಿದ ಮೇಲೆ ಬ್ಯಾಂಕಿನ ಎರಡು ನಳಿಗೆಯ ಟ್ವೆಲ್ವ್ ಬೋರ್ ಬಿಚ್ಚಿ ಫುಲ್‌ಥ್ರೂ ಎಳೆಯುತ್ತಿದ್ದರು. “ದಿನಾ ಯಾಕೆ ಮಾಮಾ?” ಅಂದರೆ, “ಮುಂಬೈ ಮಳಿಗಾಲ್ರೀ ಸಾಹೇಬ್ರ, ಎರಡು ದಿನಾ ಬಿಟ್ರ ತುಕ್ಕ ಬರತೈತ್ರಿ” ಅನ್ನುತ್ತಿದ್ದರು. ಆ ಬಂದೂಕು ಒಮ್ಮೆಯೂ ಹಾರಿದ್ದು ನಾನು ಕಾಣೆ. ಆದರೆ ಅದರ ನಂಬರು, ತೋಟಾಗಳ ಎಣಿಕೆ, ಲೈಸೆನ್ಸು ನವೀಕರಣದ ತಾರೀಖು ಎಲ್ಲ ರಿಜಿಸ್ಟರಿನಲ್ಲಿತ್ತು. ಈ ರಿಜಿಸ್ಟರಿನ ಮಾತು ಮುಂದೆ ಮತ್ತೆ ಬರುತ್ತದೆ.

ಅಮೆರಿಕಕ್ಕೆ ಬರೋಣ. ಅಗ್ಗದ ಮಾಲು ಬಂದರೆ ಊರಿನ ಅಂಗಡಿಯವನಿಗೆ ಹೊಟ್ಟೆ ಉರಿಯುವುದು ಸಹಜ ತಾನೆ? ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ರಾಜ್ಯಗಳು ಅಲ್ಲಿನ ಬಂದೂಕು ಕಾರ್ಖಾನೆಗಳ ತವರು. 1958ರಲ್ಲಿ ಮ್ಯಾಸಚೂಸೆಟ್ಸಿನ ಒಬ್ಬ ಯುವ ಸೆನೆಟರ್, ವಿದೇಶಿ ಸೈನ್ಯಗಳ ಹಳೆ ಬಂದೂಕುಗಳ ಆಮದನ್ನು ನಿಷೇಧಿಸಬೇಕೆಂದು ಮಸೂದೆ ಮಂಡಿಸಿದರು. ಜನರ ಪ್ರಾಣ ಉಳಿಸುವ ಉದ್ದೇಶ ಅದರಲ್ಲಿರಲಿಲ್ಲ, ತಮ್ಮ ರಾಜ್ಯದ ಕಾರ್ಖಾನೆಗಳನ್ನು ಉಳಿಸುವುದಿತ್ತು. ಮಸೂದೆ ಆ ರೂಪದಲ್ಲಿ ಪಾಸಾಗಲಿಲ್ಲ. ಅಮೆರಿಕವೇ ಹೊರದೇಶಗಳಿಗೆ ಕೊಟ್ಟಿದ್ದ ಸೈನಿಕ ಬಂದೂಕುಗಳು ಮರಳಿ ಬರುವುದಕ್ಕೆ ಮಾತ್ರ ತಡೆ ಬಿತ್ತು. ಇಟಲಿಯ ಮಾಲಿಗೆ ಬಾಗಿಲು ತೆರೆದೇ ಇತ್ತು.

ಆ ಸೆನೆಟರ್ ಹೆಸರು ಜಾನ್ ಎಫ್. ಕೆನಡಿ.

1963ರ ಫೆಬ್ರವರಿಯ ‘ಅಮೆರಿಕನ್ ರೈಫಲ್‌ಮನ್’ ಪತ್ರಿಕೆಯಲ್ಲಿ ಶಿಕಾಗೋದ ಒಂದು ಅಂಗಡಿಯ ಜಾಹೀರಾತಿತ್ತು. ಇಟಲಿಯ ಸೈನ್ಯದ ಕಾರ್ಕಾನೊ ರೈಫಲ್, ದುರ್ಬೀನು ಸಮೇತ 19 ಡಾಲರ್ 95 ಸೆಂಟ್. ಮಾರ್ಚಿನಲ್ಲಿ ಡಲ್ಲಾಸಿನಿಂದ ‘ಎ. ಹೈಡೆಲ್’ ಎಂಬ ಹೆಸರಿನಲ್ಲಿ ಒಂದು ಕೂಪನ್ನು, ಅಂಚೆ ಖರ್ಚು ಸೇರಿ 21 ಡಾಲರ್ 45 ಸೆಂಟಿನ ಮನಿಯಾರ್ಡರು ಬಂತು. ಅಂದಿನ ವಿನಿಮಯ ದರದಲ್ಲಿ ನಮ್ಮ ಸುಮಾರು 102 ರೂಪಾಯಿ. ಅಂಗಡಿಯವರು ಪಾರ್ಸೆಲ್ ಮಾಡಿ ಪೋಸ್ಟ್ ಬಾಕ್ಸ್ ನಂಬರಿಗೆ ಕಳಿಸಿದರು. ಅದೇ ಸುಳ್ಳು ಹೆಸರಿನಲ್ಲಿ ಲಾಸ್ ಏಂಜಲೀಸಿನ ಇನ್ನೊಂದು ಅಂಗಡಿಯಿಂದ 29 ಡಾಲರ್ 95 ಸೆಂಟಿಗೆ ಒಂದು ರಿವಾಲ್ವರೂ ಹೋಯಿತು. ಅದೂ ಸರ್ಪ್ಲಸ್ಸೇ: ಯುದ್ಧಕಾಲದಲ್ಲಿ ಬ್ರಿಟನ್ನಿಗೆಂದು ತಯಾರಾದ ಸ್ಮಿತ್ ಅಂಡ್ ವೆಸನ್, ಅಮೆರಿಕಕ್ಕೆ ಮರಳಿ ಬಂದು ನಳಿಗೆ ಕತ್ತರಿಸಿಕೊಂಡದ್ದು.

ಮುಂದಿನದು ನಿಮಗೆ ಗೊತ್ತು. 1963ರ ನವೆಂಬರ್ 22ರಂದು ಆ ರೈಫಲ್ಲಿನಿಂದ ಲೀ ಹಾರ್ವಿ ಆಸ್ವಾಲ್ಡ್ ಅಧ್ಯಕ್ಷ ಕೆನಡಿಯವರನ್ನು ಕೊಂದ. ಮುಕ್ಕಾಲು ಗಂಟೆಯಲ್ಲಿ ಆ ರಿವಾಲ್ವರಿನಿಂದ ಟಿಪ್ಪಿಟ್ ಎಂಬ ಪೋಲೀಸನನ್ನೂ ಕೊಂದ. ತಾವೇ ತಡೆಯಲು ಹೊರಟಿದ್ದ ಮಾಲಿನಿಂದಲೇ ಕೆನಡಿ ಹತರಾದರು.

ಬ್ಯಾಂಕಿನವನಾಗಿ ನನ್ನನ್ನು ಕಾಡುವುದು ಆ ರಾತ್ರಿಯ ಮಾತು. ರೈಫಲ್ ಮೇಲೆ ಸಿ2766 ಎಂಬ ನಂಬರಿತ್ತು. ಎಫ್‌ಬಿಐನವರು ಶಿಕಾಗೋದ ಅಂಗಡಿಯವರನ್ನು ಎಬ್ಬಿಸಿ ಕೂರಿಸಿದರು. ಬೆಳಗಾಗುವುದರೊಳಗೆ ಮೈಕ್ರೋಫಿಲ್ಮಿನಲ್ಲಿ ಆರ್ಡರು ಸಿಕ್ಕಿಬಿಟ್ಟಿತು. ಅಂದರೆ ದಾಖಲೆ ಇತ್ತು, ಚೊಕ್ಕಟವಾಗಿಯೇ ಇತ್ತು. ಇಲ್ಲದ್ದು ಒಂದೇ: ಮಾರುವ ಮೊದಲು ಕೊಳ್ಳುವವನ ಮುಖವನ್ನು ಯಾರೂ ನೋಡಿರಲಿಲ್ಲ, ಅವನ ಹೆಸರು ನಿಜವೋ ಸುಳ್ಳೋ ಯಾರೂ ಕೇಳಿರಲಿಲ್ಲ. ಇವತ್ತು ನಮ್ಮಲ್ಲಿ ಐನೂರು ರೂಪಾಯಿಯ ಉಳಿತಾಯ ಖಾತೆ ತೆರೆಯಬೇಕಾದರೂ ಕೆವೈಸಿ ಬೇಕು!

ಅಷ್ಟಾದರೂ ಕಾನೂನು ಬರಲು ಐದು ವರ್ಷ ಬೇಕಾಯಿತು. 1968ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನಿನಲ್ಲಿ ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದ ಮೇಲೆ ಅಕ್ಟೋಬರ್ 22ರಂದು ಲಿಂಡನ್ ಜಾನ್ಸನ್ ‘ಗನ್ ಕಂಟ್ರೋಲ್ ಆಕ್ಟ್’ಗೆ ಸಹಿ ಹಾಕಿದರು. ಅಂಚೆಯಲ್ಲಿ ಬಂದೂಕು ತರಿಸುವುದು ಸಾಮಾನ್ಯನಿಗೆ ಬಂದ್. ಸೈನ್ಯದ ಸರ್ಪ್ಲಸ್ ಆಮದು ಬಂದ್. ಸಣ್ಣ ಅಗ್ಗದ ಪಿಸ್ತೂಲುಗಳ ಆಮದೂ ಬಂದ್. ಆದರೆ ಕಾನೂನು ಇದ್ದಲ್ಲಿ ಕಿಂಡಿಯೂ ಇರುತ್ತದಲ್ಲ? ಇಡೀ ಪಿಸ್ತೂಲು ತರುವಂತಿಲ್ಲ, ಬಿಡಿಭಾಗ ತರಬಹುದಿತ್ತು. ಜರ್ಮನಿಯ ರೋಮ್ ಕಂಪನಿಯ ಬಿಡಿಭಾಗಗಳನ್ನು ಮಯಾಮಿಯಲ್ಲಿ ಜೋಡಿಸಿ ಮಾರಿದರು. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಮೇಲೆ ಹಾರಿದ ಗುಂಡು ಅಂಥದೊಂದು ಅಗ್ಗದ ರಿವಾಲ್ವರಿನದು.

ಸರ್ಪ್ಲಸ್ಸಿನ ಬಾಗಿಲು 1984ರಲ್ಲಿ ಅರ್ಧ ತೆರೆಯಿತು. ಐವತ್ತು ವರ್ಷ ಹಳೆಯದಾದ, ಸಂಗ್ರಹಯೋಗ್ಯ ಎನಿಸಿದ ಬಂದೂಕುಗಳನ್ನು ತರಬಹುದು ಎಂದಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿಯಿತು. ಗ್ರೀಸು ಮೆತ್ತಿ ದಶಕಗಳಿಂದ ಇಟ್ಟಿದ್ದ ಮೊಸಿನ್ ರೈಫಲ್‌ಗಳು, ಏಳು ಗುಂಡಿನ ನಾಗಾಂತ್ ರಿವಾಲ್ವರ್‌ಗಳು ಹಡಗು ತುಂಬಿ ಬಂದವು. 2000ದ ದಶಕದಲ್ಲಿ ಒಂದು ಮೊಸಿನ್ ನೂರು ಡಾಲರಿನ ಆಸುಪಾಸಿಗೆ ಸಿಗುತ್ತಿತ್ತು. ಇವತ್ತು ಅದರ ಹಲವು ಪಟ್ಟು. ಗೋದಾಮು ಖಾಲಿಯಾದದ್ದು ಒಂದು ಕಾರಣ, ರಷ್ಯಾದ ಮೇಲಿನ ನಿರ್ಬಂಧಗಳು ಇನ್ನೊಂದು.

ಈ ಸಾರಿ ಒಂದು ವ್ಯತ್ಯಾಸವಿತ್ತು. ಹಳೆ ಬಂದೂಕನ್ನು ನೇರ ಮನೆಗೆ ತರಿಸಿಕೊಳ್ಳಬೇಕಾದ ಸಂಗ್ರಾಹಕ ವಿಶೇಷ ಲೈಸೆನ್ಸು ಪಡೆಯಬೇಕು, ಹಾಗೂ ಯಾವತ್ತು ಯಾರಿಂದ ಕೊಂಡೆ, ಯಾರಿಗೆ ಕೊಟ್ಟೆ ಎಂದು ಪುಸ್ತಕ ಇಡಬೇಕು. ಅಮೆರಿಕದ್ದೇ ಗ್ಯಾರಂಡ್ ರೈಫಲ್‌ಗಳನ್ನು ಮಾರುವ ‘ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಮ್’ ಕೂಡ ಪೌರತ್ವದ ಪುರಾವೆ, ಶೂಟಿಂಗ್ ಕ್ಲಬ್ಬಿನ ಸದಸ್ಯತ್ವ ಕೇಳುತ್ತದೆ. ಅಂತೂ ಅಗ್ಗದ ಮಾಲಿಗೆ ರಿಜಿಸ್ಟರು ಜೊತೆಯಾಯಿತು.

ಇನ್ನು ನಮ್ಮ ಕಡೆಯ ಲೆಡ್ಜರು. ಇಲ್ಲಿ ಕಥೆ ಪೂರ್ತಿ ಉಲ್ಟಾ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಕಾನೂನು ಬಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ಬ್ರಿಟಿಷರು ಊರಿಗೇ ಬೆಂಕಿ ಇಟ್ಟರು, ಅನೇಕರನ್ನು ಗಲ್ಲಿಗೇರಿಸಿದರು. ಶಾಲೆಯಲ್ಲಿ ಆ ಲಾವಣಿ ಓದಿದವರಿಗೆ ಇದು ಹೊಸದಲ್ಲ. ಕೊಡವರಿಗೆ ಮಾತ್ರ 1861ರಿಂದ ವಿನಾಯಿತಿ ಸಿಕ್ಕಿತು, ಅದನ್ನು 2019ರಲ್ಲಿ ಕೇಂದ್ರ ಸರಕಾರ 2029ರವರೆಗೆ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಮುಡಿಸುವುದು ಇವತ್ತಿಗೂ ಇದೆ. ಉಳಿದವರಿಗೆ 1878ರ ಕಾಯಿದೆ, ಆಮೇಲೆ 1959ರದು.

ಸೈನ್ಯದ .303 ಅಳತೆಯ ತೋಟಾ ಜನಸಾಮಾನ್ಯರ ಕೈಗೆ ಸಿಗಬಾರದೆಂದು ಬೇಟೆಗಾರರಿಗೆ .315 ಎಂಬ ಬೇರೆಯೇ ಅಳತೆ ಬಂತು. ಸ್ವಾತಂತ್ರ್ಯ ಬಂದರೂ ಆ ಗೆರೆ ಅಳಿಯಲಿಲ್ಲ. 1962ರ ಚೀನಾ ಯುದ್ಧದ ನಂತರ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆ ಅದೇ ಹಳೆ ಎನ್‌ಫೀಲ್ಡ್ ಮಾದರಿಯನ್ನು ಹೊಸ 7.62 ತೋಟಾಕ್ಕೆ ಹೊಂದಿಸಿ, ಹನ್ನೆರಡು ಗುಂಡಿನ ಮ್ಯಾಗಜೀನ್ ಕೊಟ್ಟು 2ಎ1 ಎಂಬ ರೈಫಲ್ ಮಾಡಿತು. ಸರ್ಪ್ಲಸ್ಸಾದ ಮೇಲೆ ಅದು ಎಲ್ಲಿ ಮಾರಾಟವಾಯಿತು ಗೊತ್ತೇ? ಅಮೆರಿಕದಲ್ಲಿ! ನೂರು-ಇನ್ನೂರು ಡಾಲರಿಗೆ ಕೊಂಡ ಅಲ್ಲಿನ ಹವ್ಯಾಸಿಗಳು ಅದರ ಉಕ್ಕನ್ನು ಹೊಗಳಿದ್ದಾರೆ. ಅದನ್ನು ತಯಾರಿಸಲು ತೆರಿಗೆ ಕೊಟ್ಟ ನಾವು ಕೊಳ್ಳುವ ಹಾಗಿರಲಿಲ್ಲ.

ನನಗೆ ಅದರ ಬಗ್ಗೆ ದುಃಖವೇನಿಲ್ಲ. ಕಿಕ್ಕಿರಿದ ಲೋಕಲ್ ಟ್ರೇನಿನಲ್ಲಿ ಸೀಟಿಗಾಗಿ ನಡೆಯುವ ಜಗಳ ದಿನಾ ನೋಡುವವನು ನಾನು. ಆ ಜೇಬುಗಳಲ್ಲಿ ಅಗ್ಗದ ಪಿಸ್ತೂಲಿಲ್ಲ ಎಂಬುದೇ ದೊಡ್ಡ ಸಮಾಧಾನ. ಆದರೆ ನಮ್ಮ ಲೆಡ್ಜರಿನಲ್ಲೂ ಖರ್ಚಿನ ಕಡೆ ಎರಡು ನಮೂದುಗಳಿವೆ. ಒಂದು, ಹಳೆಯದನ್ನು ಮಾರದ ನಾವು ಅದನ್ನು ಪೋಲೀಸರ ಕೈಯಲ್ಲೇ ಬಿಟ್ಟೆವು. 2008ರ ನವೆಂಬರ್ 26ರ ರಾತ್ರಿ ಮುಂಬಯಿಯಲ್ಲಿ ಎಕೆ-47 ಎದುರಿಗೆ ನಮ್ಮವರ ಕೈಯಲ್ಲಿದ್ದದ್ದು ತ್ರೀ ನಾಟ್ ತ್ರೀ. ಉತ್ತರ ಪ್ರದೇಶದ ಪೋಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು!

ಎರಡನೆಯದು ನಾಡ ಪಿಸ್ತೂಲು. 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ಮಹಿಳೆಯರಿಗೆಂದು ತಂದ ‘ನಿರ್ಭೀಕ್’ ರಿವಾಲ್ವರಿನ ಬೆಲೆ ಒಂದು ಲಕ್ಷದ ಇಪ್ಪತ್ತೆರಡು ಸಾವಿರ ರೂಪಾಯಿ. ಅದೇ ಹೊತ್ತಿಗೆ ಮುಂಗೇರಿನಂಥ ಕಡೆ ಕೊಳವೆ ಬಗ್ಗಿಸಿ ಮಾಡಿದ ‘ಕಟ್ಟಾ’ ಅದರ ಅತಿ ಸಣ್ಣ ಪಾಲಿಗೆ ಸಿಗುತ್ತಿತ್ತು. ಹಾರಿಸಿದವನ ಕೈಯಲ್ಲೇ ಸಿಡಿಯಬಹುದಾದ ಆ ಮಾಲಿಗೆ ನಂಬರಿಲ್ಲ, ಬಿಲ್ಲಿಲ್ಲ, ಬೆಳಗಾಗುವುದರೊಳಗೆ ಹುಡುಕಿಕೊಡುವ ಮೈಕ್ರೋಫಿಲ್ಮೂ ಇಲ್ಲ. ನಮ್ಮಲ್ಲಿ ಗುಂಡಿಗೆ ಬಲಿಯಾಗುವವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಲೈಸೆನ್ಸಿಲ್ಲದ ಇಂಥ ಆಯುಧಗಳೇ.

ಎರಡೂ ಲೆಡ್ಜರು ಪಕ್ಕಪಕ್ಕ ಇಟ್ಟರೆ ನನಗೆ ಕಾಣುವುದಿಷ್ಟು. ಬಂದೂಕು ಅಗ್ಗವಾದದ್ದೇ ಅನಾಹುತವಲ್ಲ, ದುಬಾರಿ ಮಾಡಿದರೆ ಅನಾಹುತ ತಪ್ಪುವುದೂ ಇಲ್ಲ. ಕೊಡುವವನು ತೆಗೆದುಕೊಳ್ಳುವವನ ಮುಖ ನೋಡಿದನೇ, ಹೆಸರು ಪರೀಕ್ಷಿಸಿದನೇ, ಬರೆದಿಟ್ಟನೇ, ಅದೇ ಮುಖ್ಯ. ಆಸ್ವಾಲ್ಡ್ ಅಂಗಡಿಯ ಮುಂದೆ ನಿಂತು ನಿಜ ಹೆಸರು ಹೇಳಬೇಕಾಗಿದ್ದರೆ ಏನಾಗುತ್ತಿತ್ತೋ ಯಾರೂ ಹೇಳಲಾರರು. ಆದರೆ ಹೇಳಬೇಕಾಗಿರಲಿಲ್ಲ ಎಂಬುದು ಮಾತ್ರ ದಾಖಲೆಯಲ್ಲಿದೆ.

ಗುರಿ ಹೊಡೆಯುವ ಆಸೆ ನಿಮ್ಮ ಮಕ್ಕಳಿಗಿದ್ದರೆ ಸರ್ಪ್ಲಸ್ ರೈಫಲ್ಲಿನ ಕನಸು ಬೇಕಾಗಿಲ್ಲ. 2016ರ ನಿಯಮಗಳ ಪ್ರಕಾರ 20 ಜೌಲ್ ಒಳಗಿನ .177 ಏರ್‌ಗನ್ನಿಗೆ ಲೈಸೆನ್ಸು ಬೇಡ. ಹತ್ತಿರದ ರೈಫಲ್ ಕ್ಲಬ್ಬಿಗೆ ಸೇರಿಸಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಏರ್ ರೈಫಲ್ಲಿನಲ್ಲೇ. ಕ್ಲಬ್ಬಿನಲ್ಲಿ ಮೊದಲ ದಿನವೇ ಹೆಸರು, ವಿಳಾಸ ಬರೆಸಿಕೊಳ್ಳುತ್ತಾರೆ. ಬೇಜಾರು ಮಾಡಿಕೊಳ್ಳದೆ ಬರೆಸಿ.