ಟೈರು ರಬ್ಬರಿನ ಸಂಯೋಜಿತ ವಸ್ತುಗಳು

ಸವೆದು ಗುಜರಿ ಸೇರಿದ ಟೈರುಗಳ ರಬ್ಬರನ್ನು ಪುಡಿಮಾಡಿ ಪ್ಲಾಸ್ಟಿಕ್, ಹೊಸ ರಬ್ಬರು ಅಥವಾ ಇತರ ಪಾಲಿಮರುಗಳೊಡನೆ ಬೆರೆಸಿ ತಯಾರಿಸುವ ಪದಾರ್ಥಗಳನ್ನು ಟೈರು ರಬ್ಬರಿನ ಸಂಯೋಜಿತ ವಸ್ತುಗಳು ಎನ್ನುತ್ತಾರೆ. ನೆಲಹಾಸುಗಳು, ಆಟದಂಗಳದ ಹಾಸುಗಳು, ಯಂತ್ರಗಳ ಕಂಪನ ತಡೆಯುವ ಪಟ್ಟಿಗಳು ಇವುಗಳಿಗೆ ಉದಾಹರಣೆ.

ಹಿನ್ನೆಲೆ

ಗಂಧಕ ಬೆರೆಸಿ ಕಾಯಿಸಿದ ರಬ್ಬರು ಸೆಕೆಗೆ ಅಂಟಾಗದೆ, ಚಳಿಗೆ ಬಿರುಸಾಗದೆ ಉಳಿಯುವುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ವಲ್ಕನೀಕರಣವೆಂಬ ಈ ಕ್ರಿಯೆಯಲ್ಲಿ ರಬ್ಬರಿನ ಉದ್ದನೆಯ ಅಣುಸರಪಳಿಗಳ ನಡುವೆ ಗಂಧಕದ ಸೇತುವೆಗಳು ಏರ್ಪಡುತ್ತವೆ. ಟೈರಿಗೆ ಬಾಳಿಕೆ ಕೊಡುವ ಈ ಗುಣವೇ ಅದರ ಮರುಬಳಕೆಗೆ ಅಡ್ಡಿಯೂ ಆಗಿದೆ. ಪಾಲಿಥೀನ್ ಚೀಲವನ್ನು ಕರಗಿಸಿ ಬೇರೊಂದು ಅಚ್ಚಿಗೆ ಹೊಯ್ಯಬಹುದು; ವಲ್ಕನೀಕೃತ ರಬ್ಬರನ್ನು ಹಾಗೆ ಕರಗಿಸಲಾಗದು, ಕಾಯಿಸಿದರೆ ಅದು ಸುಟ್ಟುಹೋಗುತ್ತದೆ.

ಹಾಗೆಂದು ಟೈರುಗಳನ್ನು ರಾಶಿ ಹಾಕಿಡುವುದೂ ಅಪಾಯಕರ. ಅವುಗಳಲ್ಲಿ ನಿಂತ ಮಳೆನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗಳ ತವರಾಗುತ್ತದೆ. 1990ರ ಫೆಬ್ರವರಿಯಲ್ಲಿ ಕೆನಡಾದ ಹೇಗರ್ಸ್‌ವಿಲ್‌ನಲ್ಲಿ ಒಂದು ಕೋಟಿಗೂ ಹೆಚ್ಚು ಟೈರುಗಳ ರಾಶಿಗೆ ಬಿದ್ದ ಬೆಂಕಿ 17 ದಿನ ಉರಿಯಿತು.

ತಯಾರಿಕೆ

ಮೊದಲು ಟೈರನ್ನು ಚೂರುಮಾಡಿ ಉಕ್ಕಿನ ತಂತಿಯನ್ನು ಅಯಸ್ಕಾಂತದಿಂದಲೂ ನೂಲಿನ ಎಳೆಗಳನ್ನು ಗಾಳಿಯ ಸೆಳೆತದಿಂದಲೂ ಬೇರ್ಪಡಿಸುತ್ತಾರೆ. ಉಳಿದ ರಬ್ಬರನ್ನು ಸಾಮಾನ್ಯ ಉಷ್ಣತೆಯಲ್ಲಿಯೇ ಅರೆಯಬಹುದು. ಇಲ್ಲವೇ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ ಸಾರಜನಕದಿಂದ ತಂಪುಗೊಳಿಸಿ, ಗಾಜಿನಂತೆ ಪೆಡಸಾದಾಗ ಕುಟ್ಟಬಹುದು. ಎರಡನೆಯ ವಿಧಾನದಲ್ಲಿ ದೊರೆಯುವ ಕಣಗಳ ಮೈ ನುಣುಪು. ನೋಟಕ್ಕೆ ಅದು ಮೇಲಾದರೂ ಬೆರಕೆಗೆ ಒರಟು ಕಣಗಳೇ ಹೆಚ್ಚು ಒದಗುತ್ತವೆ, ಏಕೆಂದರೆ ಅವು ಸುತ್ತಲಿನ ಪಾಲಿಮರನ್ನು ಚೆನ್ನಾಗಿ ಹಿಡಿದುಕೊಳ್ಳುತ್ತವೆ.

ಅಂಟಿನ ಸಮಸ್ಯೆ

ಈ ವಿಷಯದ ತಿರುಳಿರುವುದು ಇಲ್ಲಿಯೇ. ರಬ್ಬರು ಪುಡಿಯನ್ನು ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್‌ನೊಡನೆ ಸುಮ್ಮನೆ ಕಲಸಿದರೆ ಎರಡೂ ಒಂದಕ್ಕೊಂದು ಬೆಸೆಯುವುದಿಲ್ಲ. ಕಣದ ಅಂಚಿನಲ್ಲಿಯೇ ಬಿರುಕು ಹುಟ್ಟುತ್ತದೆ. ಪುಡಿಯ ಪ್ರಮಾಣ ಏರಿದಂತೆ ಎಳೆತವನ್ನು ತಾಳುವ ಶಕ್ತಿ ಸಾಮಾನ್ಯವಾಗಿ ಕುಗ್ಗುತ್ತದೆ. ಅಗ್ಗದ ರಬ್ಬರು ಹಾಸುಗಳು ಬೇಗನೆ ಉದುರತೊಡಗುವುದಕ್ಕೆ ಇಂಥ ದುರ್ಬಲ ಬೆಸುಗೆಯೂ ಒಂದು ಕಾರಣ.

ಪರಿಹಾರವಾಗಿ ಮೆಲಿಯಿಕ್ ಅನ್‌ಹೈಡ್ರೈಡ್ ಜೋಡಿಸಿದ ಪಾಲಿಮರುಗಳನ್ನು ಮಧ್ಯಸ್ಥಗಳಾಗಿ ಸೇರಿಸುವುದುಂಟು. ಇನ್ನೊಂದು ದಾರಿ ಡಿವಲ್ಕನೀಕರಣ: ಶಾಖ, ಮೈಕ್ರೋವೇವ್, ಶ್ರವಣಾತೀತ ತರಂಗ ಅಥವಾ ರಾಸಾಯನಿಕಗಳಿಂದ ಗಂಧಕದ ಸೇತುವೆಗಳನ್ನು ಕತ್ತರಿಸುವುದು. ಸೇತುವೆ ಮಾತ್ರ ಮುರಿದು ಮೂಲ ಸರಪಳಿ ಉಳಿಯಬೇಕು. ಆದರೆ ಪೂರ್ಣವಾಗಿ ಹಾಗಾಗುವುದು ಅಪರೂಪ. ಸರಪಳಿಗಳೂ ತುಂಡಾಗಿ ರಬ್ಬರು ಸತ್ವ ಕಳೆದುಕೊಳ್ಳುತ್ತದೆ. ಹಳೆಯ ಟೈರು ಮತ್ತೆ ಹೊಸ ಟೈರಾಗದೆ ಹೆಚ್ಚಾಗಿ ಕೆಳದರ್ಜೆಯ ವಸ್ತುವಾಗುವುದು ಇದರಿಂದಲೇ.

ರಸ್ತೆಯ ಡಾಂಬರಿಗೆ ಟೈರು ಪುಡಿ ಬೆರೆಸುವ ಕ್ರಮವನ್ನು 1960ರ ದಶಕದಲ್ಲಿ ಅಮೆರಿಕದ ಫೀನಿಕ್ಸ್ ನಗರದ ಎಂಜಿನಿಯರ್ ಚಾರ್ಲ್ಸ್ ಮೆಕ್‌ಡೊನಾಲ್ಡ್ ರೂಢಿಗೆ ತಂದನು. ಭಾರತದಲ್ಲಿಯೂ ಇದು ಬಳಕೆಯಲ್ಲಿದೆ.

ನಿಯಮಗಳು

ಭಾರತ ಸರ್ಕಾರವು 2022ರ ಜುಲೈಯಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಟೈರು ತಯಾರಕರೂ ಆಮದುದಾರರೂ ತ್ಯಾಜ್ಯ ಟೈರುಗಳ ಮರುಬಳಕೆಯ ಹೊಣೆ ಹೊರಬೇಕು. ಮರುಬಳಕೆಯಾದ ಮಾತ್ರಕ್ಕೆ ಎಲ್ಲ ಉಪಯೋಗವೂ ನಿರಪಾಯವೆನ್ನಲಾಗದು. ಕೃತಕ ಹುಲ್ಲಿನ ಮೈದಾನಗಳಲ್ಲಿ ಸಡಿಲವಾಗಿ ಹರಡುವ ರಬ್ಬರು ಕಾಳುಗಳು ಮಣ್ಣು, ನೀರು ಸೇರಿ ಸೂಕ್ಷ್ಮ ಪ್ಲಾಸ್ಟಿಕ್ ಮಾಲಿನ್ಯ ಉಂಟುಮಾಡುತ್ತವೆ. ಐರೋಪ್ಯ ಒಕ್ಕೂಟವು 2023ರಲ್ಲಿ ಅವುಗಳ ಮಾರಾಟವನ್ನು ನಿಷೇಧಿಸಿ, ಜಾರಿಗೆ ಎಂಟು ವರ್ಷಗಳ ಅವಕಾಶ ನೀಡಿದೆ.