ಕೆರೆಯಂಚಿನ ಮಾನಸಗಂಗೋತ್ರಿ

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಆದರೆ ಸ್ನಾತಕೋತ್ತರ ಅಧ್ಯಯನಕ್ಕೆಂದೇ ಅದು ವಿಶಾಲವಾದೊಂದು ಆವರಣವನ್ನು ಕಂಡುಕೊಂಡದ್ದು ನಲವತ್ತನಾಲ್ಕು ವರ್ಷಗಳ ಮೇಲೆ, 1960ರಲ್ಲಿ. ಅಲ್ಲಿಯವರೆಗೆ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳೇ ಅದರ ಮುಖ್ಯ ನೆಲೆಗಳಾಗಿದ್ದವು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಊರಿನ ಪಶ್ಚಿಮಕ್ಕೆ, ಕುಕ್ಕರಹಳ್ಳಿ ಕೆರೆಯ ಆಚೆಗಿನ ನೆಲದಲ್ಲಿ ಹೊಸ ಆವರಣಕ್ಕೆ ರೂಪ ಕೊಟ್ಟರು. 'ಮಾನಸಗಂಗೋತ್ರಿ' ಎಂಬ ಹೆಸರೂ ಅವರದೇ. ಸರ್ಕಾರಿ ಕಡತಗಳಲ್ಲಿ ಇಷ್ಟು ಚೆಲುವಾದ ಹೆಸರು ಕಾಣಸಿಗುವುದು ಅಪರೂಪ, ಅಲ್ಲವೆ?

ಆ ನೆಲದಲ್ಲಿ ಆಗಲೇ ಒಂದು ಅರಮನೆಯಿತ್ತು. ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಜಯಲಕ್ಷ್ಮೀ ವಿಲಾಸ ಅದು. ವಿಶ್ವವಿದ್ಯಾನಿಲಯ ಅದನ್ನು 1959ರಲ್ಲಿ ಕೊಂಡುಕೊಂಡಿತು. 1968ರಲ್ಲಿ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ತೆರೆಯಿತು. ರಾಜಕುಮಾರಿಯ ಮಹಲಿನೊಳಕ್ಕೆ ತೊಗಲುಗೊಂಬೆಗಳೂ ಯಕ್ಷಗಾನದ ವೇಷಭೂಷಣಗಳೂ ಹಳ್ಳಿಯ ಮನೆಸಾಮಾನುಗಳೂ ಬಂದು ಕುಳಿತವು. ಚರಿತ್ರೆಗೂ ಒಮ್ಮೊಮ್ಮೆ ಇಂಥ ತಮಾಷೆಗಳು ಇಷ್ಟ!

ಆದರೆ ಈ ಆವರಣದ ಕಥೆಯಲ್ಲಿ ಹಿರಿಯ ಪಾತ್ರ ಕೆರೆಯದು. ಅದನ್ನು ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು, 1864ರಲ್ಲಿ, ಊರ ಹೊರಗಿನ ಬೇಸಾಯಕ್ಕೆಂದು. ಅದಕ್ಕೂ ಬಹಳ ಮೊದಲು ದಿವಾನ್ ಪೂರ್ಣಯ್ಯನವರು ಕಾವೇರಿಯನ್ನೇ ಮೈಸೂರಿಗೆ ತರುವ ಆಸೆಯಿಂದ ಕಾಲುವೆಯೊಂದನ್ನು ತೋಡಿಸಿದ್ದರು. ಕಾವೇರಿ ಅದರಲ್ಲಿ ಬರಲಿಲ್ಲ. ಬಂದದ್ದು ಮಳೆನೀರು. ಸೋತ ಯೋಜನೆಯೆಂದು ನಾವು ಬರೆದುಬಿಡಬಹುದಾಗಿದ್ದ ಆ ಪೂರ್ಣಯ್ಯ ನಾಲೆಯೇ ಮುಂದೆ ಕುಕ್ಕರಹಳ್ಳಿ ಕೆರೆಯನ್ನು ತುಂಬಿಸಿತು.

ಕೆರೆಯ ಏರಿಯ ಮೇಲೆ ಕುವೆಂಪು ನಡೆದಾಡಿದ್ದಾರೆ, ಆರ್. ಕೆ. ನಾರಾಯಣ್ ನಡೆದಾಡಿದ್ದಾರೆ. ಜೀವಶಾಸ್ತ್ರದ ವಿದ್ಯಾರ್ಥಿಗಳಿಗಂತೂ ಇದು ಗೋಡೆಗಳಿಲ್ಲದ ಪ್ರಯೋಗಶಾಲೆ. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆಗಳನ್ನು ಬರಿಗಣ್ಣಿನಿಂದಲೇ ನೋಡಬಹುದು. ಪರೀಕ್ಷೆಯ ದಿನಗಳಲ್ಲಿ ಪುಸ್ತಕ ಹಿಡಿದು ದಂಡೆಯಲ್ಲಿ ಕುಳಿತವರ ಪೈಕಿ ಎಷ್ಟು ಮಂದಿ ಪುಸ್ತಕವನ್ನೇ ನೋಡುತ್ತಿದ್ದರೋ, ಹೇಳುವುದು ಕಷ್ಟ.

ಊರು ಬೆಳೆಯಿತು. ಸುತ್ತ ಬಡಾವಣೆಗಳು ಎದ್ದವು. ನಾಲೆಯ ದಾರಿಯಲ್ಲಿ ರಸ್ತೆ ಬಂತು, ಮನೆ ಬಂತು, ಹೂಳು ತುಂಬಿತು. ಮಳೆನೀರಿನ ಹಾದಿ ತಪ್ಪಿತು. ಅದರ ಬದಲಿಗೆ ಚರಂಡಿಯ ನೀರು ಕೆರೆಗೆ ಬರತೊಡಗಿತು. ಕೊಳಕು ನೀರಿನಲ್ಲಿ ಪಾಚಿ ಹಬ್ಬುತ್ತದೆ. ಪಾಚಿ ಕೊಳೆತಾಗ ನೀರಿನ ಆಮ್ಲಜನಕ ಕುಗ್ಗಿ ಮೀನು ಸಾಯುತ್ತದೆ. ಮೀನಿಲ್ಲದಲ್ಲಿ ಹಕ್ಕಿ ನಿಲ್ಲುವುದಿಲ್ಲ. ಇದನ್ನು ಎತ್ತಿ ತೋರಿಸಿದವರು ದಂಡೆಯಲ್ಲಿ ವಾಯುಸಂಚಾರಕ್ಕೆ ಬರುತ್ತಿದ್ದ ನಾಗರಿಕರು ಮತ್ತು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು.

ನೀವು ಮೈಸೂರಿಗೆ ಹೋದಾಗ ಏರಿಯ ಮೇಲೊಂದು ಸುತ್ತು ಹಾಕಿ. ಹಕ್ಕಿಗಳನ್ನು ನೋಡಿಯಾದ ಮೇಲೆ, ಕೆರೆಗೆ ನೀರು ಯಾವ ದಿಕ್ಕಿನಿಂದ ಬರುತ್ತಿತ್ತೆಂದು ಹಳಬರನ್ನು ಕೇಳಿ, ಆ ನಾಲೆಯ ಜಾಡನ್ನೂ ಸ್ವಲ್ಪ ದೂರ ಹಿಡಿದು ಹೋಗಿ.