ಹಂಚು ಸುಟ್ಟ ಸಭೆ

ದೀಕ್ಷಾಸ್ನಾನ ಆಯಿತು, ಸರಿ. ಮಾರನೆಯ ದಿನ ಗಂಜಿಗೆ ಅಕ್ಕಿ ಎಲ್ಲಿಂದ? ಬಾಸೆಲ್ ಮಿಷನಿನ ಚರಿತ್ರೆ ಬರೆಯುವವರು ಮುದ್ರಣಾಲಯ, ನಿಘಂಟು, 1843ರ ‘ಮಂಗಳೂರು ಸಮಾಚಾರ’ ಎಂದು ಹೇಳುತ್ತಾ ಹೋಗುತ್ತಾರೆ. ಹೇಳಲಿ, ಹೆಮ್ಮೆಯ ವಿಷಯವೇ. ಆದರೆ ಮಂಗಳೂರಿನ ಜೆಪ್ಪುವಿನ ನಮ್ಮಂಥ ಮನೆಗಳ ಚರಿತ್ರೆ ಶುರುವಾಗುವುದು ಆ ಅಕ್ಕಿಯಿಂದ.

1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮಿಷನಿನ ಮೂವರು ಮಂಗಳೂರಿಗೆ ಬಂದಿಳಿದರು. ಮುಂದಿನ ದಶಕಗಳಲ್ಲಿ ಅವರ ಮಾತಿಗೆ ಕಿವಿಗೊಟ್ಟವರಲ್ಲಿ ಬಿಲ್ಲವರು ಬಹಳ. ಮೂರ್ತೆ ಕೆಲಸ, ಅಂದರೆ ಕಳ್ಳು ಇಳಿಸುವುದು, ಆ ಕುಲದ ಅನೇಕರ ಕಸುಬು. ಮಿಷನಿನವರಿಗೆ ಕಳ್ಳು ಪಾಪ. ಹಾಗಾಗಿ ಕ್ರೈಸ್ತನಾದವನು ಮೊದಲು ಬಿಡಬೇಕಾದದ್ದು ಕಸುಬನ್ನೇ. ಧಣಿಯ ಭೂಮಿಯಲ್ಲಿ ಒಕ್ಕಲಿದ್ದವನು ಭೂತಾರಾಧನೆಯ ಚಾಕರಿ ಬಿಟ್ಟರೆ ಆ ಒಕ್ಕಲಿಗೂ ಗ್ಯಾರಂಟಿ ಇಲ್ಲ. ಮತ ಬದಲಿಸಿದವನ ಆಸ್ತಿಯ ಹಕ್ಕು ಹೋಗದು ಎಂದು 1850ರ ಕಾಯಿದೆ ಹೇಳಿತು ನಿಜ. ಆಸ್ತಿ ಹೆಣ್ಣಿನ ಕಡೆಯಿಂದ ಸಾಗುವ ಅಳಿಯಕಟ್ಟಿನ ಕುಟುಂಬದಲ್ಲಿ ಪಾಲು ಕೇಳುವುದಕ್ಕೇ ದಾರಿ ಇಲ್ಲದಿರುವಾಗ ಆ ಕಾಯಿದೆ ಕಟ್ಟಿಕೊಂಡು ಏನು ಮಾಡುವುದು? ಮನೆ, ಬಾವಿ, ನೆಂಟರು ಎಲ್ಲ ಒಟ್ಟಿಗೇ ಹೋದವು. ಜನ ಮಿಷನ್ ಕಾಂಪೌಂಡಿಗೆ ಬಂದು ಸೇರಿದರು.

ನೆರೆಯವನನ್ನು ಪ್ರೀತಿಸು ಎಂದು ಬೋಧಿಸಿದವರಿಗೆ ಈಗ ಆ ನೆರೆಯವನ ಹೆಂಡತಿ ಮಕ್ಕಳು ಜಗಲಿಯಲ್ಲೇ ಕೂತಿದ್ದರು. ದಿನಾ ಅಕ್ಕಿ ಅಳೆದು ಕೊಟ್ಟರೆ ಎಷ್ಟು ದಿನ? ಕೊಡುತ್ತಾ ಹೋದರೆ ಊರವರ ಬಾಯಲ್ಲಿ ‘ಗಂಜಿಗೆ ಬಿದ್ದವರು’ ಎಂಬ ಹೆಸರು ಬೇರೆ. ಬಾಸೆಲಿನಿಂದ ಬಂದವರಲ್ಲಿ ಬಹಳ ಮಂದಿ ವುರ್ಟೆಂಬರ್ಗಿನ ಕಡೆಯ ರೈತರ, ಕುಶಲಕರ್ಮಿಗಳ ಮಕ್ಕಳು. ದುಡಿಯದೆ ಕೂರುವುದು ಅವರ ಭಕ್ತಿಗೆ ಒಗ್ಗುತ್ತಿರಲಿಲ್ಲ. ಕಾಫಿ ತೋಟ ಮಾಡಿ ನೋಡಿದರು, ಸಕ್ಕರೆ ಮಾಡಿ ನೋಡಿದರು, ಗಡಿಯಾರದ ಕೆಲಸವನ್ನೂ ಕಲಿಸಿ ನೋಡಿದರು. ಯಾವುದೂ ನಿಲ್ಲಲಿಲ್ಲ. 1851ರಲ್ಲಿ ಮಿಷನಿನ ಹಾಲರ್ ಎಂಬವರು ಬಂದ ಮೇಲೆ ಮಗ್ಗ ನಿಂತಿತು. (ಖಾಕಿ ಬಣ್ಣ ಆ ಮಗ್ಗದಲ್ಲೇ ಹುಟ್ಟಿತೆಂದು ನಮ್ಮವರು ಎದೆಯುಬ್ಬಿಸುತ್ತಾರೆ. ಪಂಜಾಬಿನ ಗೈಡ್ಸ್ ಪಡೆ ಅದಕ್ಕೂ ಮೊದಲೇ ಖಾಕಿ ತೊಟ್ಟಿತ್ತು. ಖಾಕಿ ಅದ್ದಲು ಇಲ್ಲಿ ಬೇರೊಂದು ಬಣ್ಣದ್ರವ್ಯ ಕಂಡುಹಿಡಿದರು ಎಂದರೆ ಸಾಕು.)

ಊರನ್ನು ಬದಲಿಸಿದ್ದು ಮಾತ್ರ ಮಣ್ಣು. ಪ್ರೆಸ್ಸಿನ ಕೆಲಸಕ್ಕೆಂದು ಬಂದಿದ್ದ ಪ್ಲೆಬ್ಸ್ಟ್, ನೇತ್ರಾವತಿ ದಂಡೆಯ ಜೇಡಿಯನ್ನು ಸುಟ್ಟು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಇಬ್ಬರು ಆಳು, ಒಂದು ಜೋಡಿ ಎತ್ತು, ದಿನಕ್ಕೆ ಕೆಲವೇ ನೂರು ಹಂಚು. ಒಂದರ ಅಂಚಿಗೆ ಇನ್ನೊಂದು ಕಚ್ಚಿ ಕೂರುವ ಚಪ್ಪಟೆ ಹಂಚು ಅದು. ಮುಳಿಹುಲ್ಲಿನ ಮಾಡಿಗೆ ಬೆಂಕಿಯ ಭಯ, ವರ್ಷ ವರ್ಷ ಹೊದಿಸುವ ಖರ್ಚು. ಕುಂಬಾರರ ನಾಡಹಂಚು ಜಾರುತ್ತಿತ್ತು. ಮಂಗಳೂರು ಹಂಚಿಗೆ ಗಿರಾಕಿ ತಾನಾಗಿ ಬಂದ. ಮೂರೇ ವರ್ಷದಲ್ಲಿ ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಕಾರ್ಖಾನೆ ಎದ್ದಿತು. ಮಿಷನಿನದ್ದೇ ಇನ್ನೊಂದು ಮಲ್ಪೆಯಲ್ಲಿ, ಮತ್ತೂ ಕೆಲವು ಮಲಬಾರಿನಲ್ಲಿ.

ನನ್ನ ಮುತ್ತಜ್ಜ ಮರ ಹತ್ತುವುದು ಬಿಟ್ಟು ಮಣ್ಣು ಹದ ಮಾಡಲು ಸೇರಿದವರು; ಮುತ್ತಜ್ಜಿ ಹಸಿ ಹಂಚು ಹೊರುತ್ತಿದ್ದರು. ಸಂಬಳ ಕೈಗೆ ಬಂತು, ಮಕ್ಕಳು ಶಾಲೆ ಕಂಡರು. ಧಣಿಗೆ ಕೈಮುಗಿದು ನಿಲ್ಲುವುದು ತಪ್ಪಿತು ಎಂದು ಮನೆಯಲ್ಲಿ ಹೇಳುತ್ತಾರೆ. ನಾನು ಇಲ್ಲಿ ಸ್ವಲ್ಪ ತಡೆಯುತ್ತೇನೆ. ಕೆಲಸ ಕೊಟ್ಟವರು ಯಾರು? ಮಿಷನ್. ಮನೆಯ ಜಾಗ? ಮಿಷನಿನದು. ಪ್ರಭುಭೋಜನಕ್ಕೆ ಯೋಗ್ಯನೋ ಅಲ್ಲವೋ ಎಂದು ನೋಡುವವರು? ಅವರೇ. ಕುಡಿದು ಸಿಕ್ಕಿಬಿದ್ದವನು ಭಾನುವಾರ ಒಂದೇ ಅಲ್ಲ, ಸೋಮವಾರದ ಬಗ್ಗೆಯೂ ಹೆದರಬೇಕಿತ್ತು. ಪ್ರೀತಿಯಿಂದಲೇ ಮಾಡಿದ್ದು, ನನಗೆ ಸಂಶಯವಿಲ್ಲ. ಆದರೂ ಒಂದು ಧಣಿತನ ಹೋಗಿ ಇನ್ನೊಂದು ಬಂದದ್ದೂ ಹೌದು. ಬಾಸೆಲಿನಲ್ಲೂ ಇದರ ಇರುಸುಮುರುಸು ಇತ್ತು. ಸುವಾರ್ತೆಗೂ ವ್ಯಾಪಾರಕ್ಕೂ ಒಂದೇ ಪೆಟ್ಟಿಗೆ ಬೇಡವೆಂದು 1859ರಲ್ಲೇ ವ್ಯಾಪಾರದ ಕಂಪೆನಿಯನ್ನು ಬೇರೆಯಾಗಿ ಕಟ್ಟಿದ್ದರು.

ಗಂಟು ಬಿಚ್ಚಿದ್ದು ಮಹಾಯುದ್ಧ. 1914ರ ನಂತರ ಬ್ರಿಟಿಷ್ ಸರ್ಕಾರದವರು ಮಿಷನಿನ ಜರ್ಮನರನ್ನು ಬಂಧಿಸಿ ಊರಿಗೆ ಅಟ್ಟಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕೊಡುವ ಕೈ ಇಲ್ಲದ ಸಭೆ ಆಗ ತಾನೇ ಕಾಣಿಕೆ ಎತ್ತಬೇಕಾಯಿತು, ತನ್ನ ಹಿರಿಯರ ಮಾತಿನಲ್ಲೇ ನಡೆಯಬೇಕಾಯಿತು. ದಾನ ಪಡೆದವರು ಸಮುದಾಯವಾದದ್ದು ಆಗಲೇ ಎಂದು ನನ್ನ ಲೆಕ್ಕ.

1940ರ ದಶಕದಲ್ಲಿ ಹಂಚಿನ ಕಾರ್ಖಾನೆಗಳಿಗೆ ಕಾರ್ಮಿಕ ಸಂಘದ ಕೆಂಬಾವುಟ ಬಂತು. ಅಜ್ಜ ಭಾನುವಾರ ಸಭೆಯ ಕಾಣಿಕೆ ಲೆಕ್ಕ ಬರೆಯುತ್ತಿದ್ದರು, ಸಂಜೆ ಪಾಳಿ ಮುಗಿಸಿ ಬಂದು ಸಂಘದ ಚಂದಾ ಲೆಕ್ಕ. ದೇವರಿಲ್ಲ ಎನ್ನುವವರ ಜೊತೆ ಏನು ನಿಮ್ಮ ಸಹವಾಸ ಎಂದು ಸಭಾಪಾಲಕರೊಬ್ಬರು ಕೇಳಿದರಂತೆ. ‘ಚಂದಾ ಕೊಡುವವರೂ ಕಾಣಿಕೆ ಹಾಕುವವರೂ ಅವರೇ ಅಲ್ವಾ ಅಯ್ಯನವರೇ’ ಎಂದರಂತೆ ಅಜ್ಜ. ಅಯ್ಯನವರು ಸುಮ್ಮನಾದರು. ಸಂಘದಿಂದ ಸಂಬಳ ಏರಿದ ವರ್ಷ ಸಭೆಯ ಬೆಳೆಹಬ್ಬದ ಏಲಂನಲ್ಲಿ ಒಂದು ಸಾಧಾರಣ ಕುಂಬಳಕಾಯಿಗೂ ಜನ ಜಿದ್ದಿಗೆ ಬಿದ್ದು ಕೂಗಿದ್ದನ್ನು ಅವರೂ ನೋಡಿದ್ದರು.